ಮೂವತ್ತು ಪರ್ಸೆಂಟಿನ ಮೊಣಕಾಲು

ನನ್ನ ಬಲ ಮೊಣಕಾಲಿನ ಬಗ್ಗೆ ಸರಕಾರ ನನಗೆ ಬರೆದಷ್ಟು ಕಾಗದಗಳನ್ನು, ನಾನು ಮಿಲಿಟರಿಯಲ್ಲಿದ್ದ ಹದಿನೇಳು ವರ್ಷಗಳಲ್ಲಿ ನನ್ನ ಹೆಂಡತಿ ಬರೆದಿಲ್ಲ. ಅವಳಿಗೆ ಬರೆಯಲು ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಸರಕಾರಕ್ಕೆ ಬರೆಯಲು ಬರುತ್ತದೆ. ಓದಲು ಬರುತ್ತದೆಯೋ ಇಲ್ಲವೋ ಎಂಬ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ. ಆ ಕಾಗದಗಳೆಲ್ಲ ಹಸಿರು ಬಣ್ಣದ ಟ್ರಂಕಿನಲ್ಲಿವೆ. ಮೊದಲ ಕಾಗದದ ಒಂದು ಸಾಲು ನನಗೆ ಬಾಯಿಪಾಠ: ಈ ನ್ಯೂನತೆ ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಅಂದರೆ, ನಿನ್ನ ಕಾಲು ಕುಂಟುವುದು ಖರೆ, ಆದರೆ ಅದು ನಮ್ಮ ಕೆಲಸದಲ್ಲಿ ಕೆಟ್ಟದ್ದಲ್ಲ, ನೀನು ನಿಮ್ಮ ಮನೆಯಿಂದಲೇ ತಂದದ್ದು ಎಂದು.

ದುಡ್ಡಿನ ಆಸೆಗೆ ನಾನು ಅಪೀಲು ಹಾಕಲಿಲ್ಲ ಎಂದು ದೊಡ್ಡಸ್ತಿಕೆ ಮಾಡಿದರೆ ಸುಳ್ಳಾಗುತ್ತದೆ. ಆಸೆ ಇತ್ತು. ಆದರೆ ಹೊಟ್ಟೆಗೆ ಸರ್ವೀಸು ಪಿಂಚಣಿ ಬರುತ್ತಿತ್ತು, ಹೊಲವಿತ್ತು, ಕುರಿಗಳಿದ್ದವು, ಉಪವಾಸವೇನೂ ಬೀಳುತ್ತಿರಲಿಲ್ಲ. ನನ್ನ ಹೊಟ್ಟೆ ಉರಿಸಿದ್ದು ಆ ಒಂದು ಸಾಲು. ಕಾಲು ಮುರಿಸಿಕೊಂಡದ್ದೂ ಅಲ್ಲದೆ ಸುಳ್ಳುಗಾರ ಅನ್ನಿಸಿಕೊಳ್ಳಬೇಕೆ? ಆ ಸಾಲು ಅಳಿಯಬೇಕು, ಅಷ್ಟೇ ನನ್ನ ಹಟವಾಗಿತ್ತು.

ನಮ್ಮದು ಕೂಡ್ಲಿಗಿಯಿಂದ ಒಳಗಿರುವ ಹಳ್ಳಿ. ಜೋಳ, ನವಣೆ, ಶೇಂಗಾ ಬೆಳೆದುಕೊಂಡು ಕುರಿ ಸಾಕಿಕೊಂಡು ಬಂದ ಮನೆತನ. ಕುರಿ ಕಾಯುವುದರಿಂದ ತಪ್ಪಿಸಿಕೊಳ್ಳಬೇಕೆಂದೇ ನಾನು ಸೇನೆ ಸೇರಿದ್ದು. ಅಲ್ಲಿ ನನ್ನನ್ನು ಟೆಲಿಫೋನ್ ತಂತಿ ಎಳೆಯುವ ಕೆಲಸಕ್ಕೆ ಹಾಕಿದರು. ಹಿಮದ ಬೆಟ್ಟದ ಮೇಲೆ ಒಂದು ಬೆಳಿಗ್ಗೆ, ಮೂವರು ಹೊರಬೇಕಾದ ತಂತಿಯ ಉರುಳೆಯನ್ನು ನಾವು ಇಬ್ಬರು ಹೊತ್ತಿದ್ದೆವು. ಮೂರನೆಯವನಿಗೆ ಭೇದಿ ಹತ್ತಿತ್ತು. ನನ್ನ ಕಾಲು ಜಾರಿತು, ಉರುಳೆ ಮೊಣಕಾಲಿನ ಮೇಲೆ ಬಂದು ಕೂತಿತು. ಶತ್ರುವಿನ ಗುಂಡಲ್ಲ, ಬಾಂಬಲ್ಲ, ಸ್ವಂತ ಸರಕಾರದ ತಂತಿ! ಊರಿನಲ್ಲಿ ಹೇಳಿಕೊಳ್ಳಲೂ ನಾಚಿಕೆಯಾಗುವಂಥ ಗಾಯ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು, ಬಿಚ್ಚಿದರು, ಎರಡು ತಿಂಗಳು ರಜೆ ಕೊಟ್ಟು ಮನೆಗೆ ಕಳಿಸಿದರು.

ಮನೆಗೆ ಬಂದದ್ದೇ ತಪ್ಪಾಯಿತು. ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಇಡುವುದರೊಳಗೆ ಅವ್ವ ನನ್ನ ಕಾಲು ನೋಡಿದಳು. ಮರುದಿನದಿಂದ ಬರೆ ಹಾಕಿಸಬೇಕೆಂದು ಗಂಟುಬಿದ್ದಳು.

ನಮ್ಮ ಕಡೆ ಕುರಿಯ ಕಾಲು ಉಳುಕಿದರೆ ಕಬ್ಬಿಣ ಕಾಯಿಸಿ ಬರೆ ಹಾಕುತ್ತಾರೆ. ಕುರಿಗೆ ಆದದ್ದು ಮನುಷ್ಯನಿಗೆ ಆಗದೇ ಇರುತ್ತದೆಯೇ ಎಂಬುದು ಅವ್ವನ ವಾದ. ಕೋಗಳಿಯ ಕಡೆಯ ಒಬ್ಬ ಅಜ್ಜ ಬರೆ ಹಾಕುವುದರಲ್ಲಿ ಹೆಸರಾದವನು. ಅದಕ್ಕೊಂದು ಕಟ್ಟಳೆ ಇದೆ. ಅವನು ಬೆಳಕು ಹರಿಯುವ ಮೊದಲು ಬಾಯಿ ಕೂಡ ತೊಳೆಯದೆ ಬರಬೇಕು, ದುಡ್ಡು ಮುಟ್ಟಬಾರದು, ಆ ಮನೆಯ ನೀರು ಕುಡಿಯಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಇಂಥವನು ಇಂಥ ದಿನ ಬರೆ ಹಾಕಿದ ಎಂದು ಮನೆಯವರು ಯಾರ ಮುಂದೆಯೂ ಬಾಯಿ ಬಿಡಬಾರದು. ಬಿಟ್ಟರೆ ಗುಣ ಇಳಿದುಹೋಗಿ ನೋವು ತಿರುಗಿ ಬರುತ್ತದಂತೆ. ಯಾರಾದರೂ ಇದೇನು ಗುರುತು ಎಂದು ಕೇಳಿದರೆ ಎಲ್ಲರೂ ಹೇಳುವ ಉತ್ತರ ಒಂದೇ, ಸಣ್ಣಂದಿನದು ಎಂದು. ನಮ್ಮ ಊರಿನಲ್ಲಿ ಅರವತ್ತು ವರ್ಷದ ಮುದುಕನ ಸೊಂಟದ ಮೇಲೆ ಹೋದ ವಾರ ಹಾಕಿದ ಬರೆಯೂ ಸಣ್ಣಂದಿನದೇ.

ನಾನು ಬೇಡವೆಂದೆ, ಬೈದೆ, ಊಟ ಬಿಟ್ಟೆ. ಅವಳೂ ಊಟ ಬಿಟ್ಟು ನನ್ನ ಕಾಲಿನ ಹತ್ತಿರ ಕೂತು ಅಳತೊಡಗಿದಳು. ಹಿಮದಲ್ಲಿ ಬಂದೂಕು ಹಿಡಿದು ನಿಲ್ಲಬಹುದು. ಅವ್ವ ಅಳುತ್ತ ಕೂತಾಗ ಕಾಲು ಚಾಚದೆ ಇರುವ ಶೂರ ನಾನಲ್ಲ. ಮೂರನೆಯ ದಿನ ನಸುಕಿನಲ್ಲಿ ಆ ಅಜ್ಜ ಬಂದ. ಕೆಂಪಗೆ ಕಾದ ಸಲಾಕೆಯಿಂದ ಮೊಣಕಾಲಿನ ಕೆಳಗೆ ಮೂರು ಗೆರೆ ಎಳೆದ, ಎದ್ದು ಹೋದ. ನೋವು ಕಡಿಮೆಯಾಯಿತೇ ಎಂದರೆ, ಬರೆಯ ಉರಿಯಲ್ಲಿ ಒಂದು ತಿಂಗಳು ಮೊಣಕಾಲಿನ ನೋವು ಗೊತ್ತೇ ಆಗಲಿಲ್ಲ. ಅದನ್ನೇ ಗುಣ ಅನ್ನುವುದಾದರೆ ಗುಣವಾಯಿತು.

ರಜೆ ಮುಗಿಯುವಷ್ಟರಲ್ಲಿ ಬರೆ ಮಾಯ್ದು ಕಪ್ಪಾಗಿತ್ತು. ತಿರುಗಿ ಹೋದಾಗ ಹೊಸದಾಗಿ ಬಂದಿದ್ದ ಮಿಲಿಟರಿ ಡಾಕ್ಟರು ಪ್ಯಾಂಟು ಮಡಚಿಸಿ ನೋಡಿದರು. ಇದೇನು ಎಂದು ಕೇಳಿದರು. ದೇಶದ ಸೈನಿಕ ಊರಿಗೆ ಹೋಗಿ ಕುರಿ ವೈದ್ಯ ಮಾಡಿಸಿಕೊಂಡು ಬಂದ ಎಂದು ಹೇಗೆ ಹೇಳಲಿ? ನಾಚಿಕೆಯೂ ಆಯಿತು, ಅಭ್ಯಾಸವೂ ಇತ್ತು. ಸಣ್ಣಂದಿನದು ಸಾಹೇಬರೆ ಎಂದುಬಿಟ್ಟೆ. ಅವರು ಅದನ್ನು ಬರೆದುಕೊಂಡರು. ನಾನು ಸೇವೆಯಲ್ಲಿ ಆಡಿದ ಸಾವಿರಾರು ನಿಜಗಳನ್ನು ಯಾರೂ ಬರೆದುಕೊಳ್ಳಲಿಲ್ಲ, ಈ ಒಂದು ಸುಳ್ಳನ್ನು ಮಾತ್ರ ಅಚ್ಚುಕಟ್ಟಾಗಿ ಬರೆದುಕೊಂಡರು.

ತೊಂಬತ್ತರ ದಶಕದ ನಡುವೆ ನನ್ನನ್ನು ಬಿಡುಗಡೆ ಮಾಡುವಾಗ ಡಾಕ್ಟರುಗಳ ಮಂಡಳಿ ಕೂತಿತು. ಮೊಣಕಾಲು ಮೂವತ್ತು ಪರ್ಸೆಂಟ್ ಕೆಟ್ಟಿದೆ ಎಂದು ತೀರ್ಮಾನವಾಯಿತು. ಇಪ್ಪತ್ತಕ್ಕೆ ಕಡಿಮೆಯಿದ್ದರೆ ನ್ಯೂನತೆಯ ಪಿಂಚಣಿ ಇಲ್ಲ, ಮೂವತ್ತೆಂದರೆ ಧಾರಾಳವಾಯಿತು. ನಾನು ಒಳಗೊಳಗೆ ಹಿಗ್ಗಿದೆ. ಆದರೆ ಕಾಲು ಯಾಕೆ ಕೆಟ್ಟಿತು ಎಂದು ನೋಡಲು ಕಡತ ತೆಗೆದರೆ, ನಾನು ಉರುಳೆಯ ಕೆಳಗೆ ಬಿದ್ದ ದಿನ ನಾಲ್ಕು ಜನ ಸಹಿ ಹಾಕಿದ ವರದಿಯೂ ಇಲ್ಲ, ಆಸ್ಪತ್ರೆಯ ಪ್ಲಾಸ್ಟರಿನ ಕಾಗದವೂ ಇಲ್ಲ. ಪಲ್ಟಣ ಮೂರು ಊರು ಬದಲಿಸುವಾಗ ಅವು ಎಲ್ಲಿ ಹಾರಿಹೋದವೋ. ಇದ್ದದ್ದು ನನ್ನ ಸಣ್ಣಂದಿನ ಮಾತು ಮತ್ತು ಮೂರು ಬರೆ. ಬಾಲ್ಯದಿಂದಲೇ ಇದ್ದ ಕಾಲುಬೇನೆ, ನಾಟಿ ಚಿಕಿತ್ಸೆಯ ಹಳೆಯ ಗುರುತುಗಳಿವೆ ಎಂದು ಬರೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೇರಿಸಿಕೊಳ್ಳುವಾಗ ಇದೇ ಸರಕಾರ ನನ್ನನ್ನು ಬರಿಮೈಯಲ್ಲಿ ನಿಲ್ಲಿಸಿ ಹಲ್ಲು ಎಣಿಸಿತ್ತು, ಎದೆ ಅಳೆದಿತ್ತು, ಓಡಿಸಿತ್ತು. ಆಗ ಈ ಕಾಲುಬೇನೆ ಯಾರಿಗೂ ಕಾಣಲಿಲ್ಲ!

ಅಪೀಲು ಹಾಕಲು ಆರು ತಿಂಗಳ ಗಡುವಿತ್ತು. ಯಾರೋ ಕೊಟ್ಟೂರಿನ ಹವಾಲ್ದಾರನನ್ನು ಕಾಣು ಎಂದರು. ಸೇನೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಖೋಲಿಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಮಾಜಿ ಸೈನಿಕರಿಗೆ ಅರ್ಜಿ ಹೊಡೆದುಕೊಡುತ್ತಿದ್ದ. ಅವನ ಎಡಗಿವಿ ತೋಪಿನ ಸದ್ದಿಗೆ ಹೋಗಿತ್ತು. ಅದಕ್ಕೆ ಅವನದೇ ಒಂದು ಅಪೀಲು ವರ್ಷಗಟ್ಟಲೆ ನಡೆದಿತ್ತು. ಗುಮಾಸ್ತನ ಕಿವಿಗೂ ತೋಪಿಗೂ ಏನು ಸಂಬಂಧ ಎಂದು ಅವರು ಕೇಳುತ್ತಿದ್ದರು, ಇವನು ಉತ್ತರ ಬರೆಯುತ್ತಿದ್ದ. ತನ್ನದನ್ನೇ ಗೆಲ್ಲದವನು ನನ್ನದನ್ನು ಏನು ಗೆದ್ದಾನು ಅನ್ನಿಸಿತು. ಆದರೆ ಸುತ್ತಲ ಐದು ತಾಲ್ಲೂಕಿನಲ್ಲಿ ಇಂಥ ಇಂಗ್ಲಿಷ್ ಬರೆಯುವವನು ಇನ್ನೊಬ್ಬನಿರಲಿಲ್ಲ.

ಅವನ ಬೆಂಚಿನ ಮೇಲೆ ಯಾವಾಗಲೂ ನಾಲ್ಕು ಜನ ಕೂತಿರುತ್ತಿದ್ದರು. ಅವನು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹಡಗಲಿಯ ಸೊಂಟ ಒಳಗೆ ಬರಲಿ, ಹಂಪಸಾಗರದ ಬೆರಳು ಸ್ವಲ್ಪ ಕಾಯಲಿ, ಹೀಗೆ. ಹರಪನಹಳ್ಳಿಯ ಕಣ್ಣಿನ ಕಥೆ ಕೇಳಿ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಅವನ ಅಪೀಲು ನಡೆದಿರುವಾಗಲೇ ಅವನ ತಾಲ್ಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು. ಕಣ್ಣು ಒಂದು ಜಿಲ್ಲೆಯಲ್ಲಿ, ಕಾಗದ ಇನ್ನೊಂದು ಜಿಲ್ಲೆಯಲ್ಲಿ. ನಾನು ಹೋದ ಮೇಲೆ ಕೂಡ್ಲಿಗಿಯ ಮೊಣಕಾಲು ಆದೆ.

ಹವಾಲ್ದಾರ ನನ್ನ ಅಪೀಲನ್ನು ನಾಲ್ಕು ಪುಟ ಹೊಡೆದ. ಹಿಮ, ಬೆಟ್ಟ, ಉರುಳೆ, ಮೂರನೆಯವನ ಭೇದಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಇಳಿಸಿದ. ಬರೆಯನ್ನು ರಜೆಯಲ್ಲಿ ಹಾಕಿಸಿದ್ದೆಂದೂ, ನಾನು ನಾಚಿಕೆಯಿಂದ ಸುಳ್ಳು ಹೇಳಿದ್ದೆಂದೂ ಬರೆದ. ಉತ್ತರದ ಯಾವುದೋ ಊರಿನ ಪಿಂಚಣಿ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು. ಏಳೆಂಟು ತಿಂಗಳಿಗೆ ಅಲ್ಲಿಂದ ನಮ್ಮ ತಾಲ್ಲೂಕಿಗೆ ವಿಚಾರಣೆಗೆಂದು ಕಾಗದ ಬಂದಿತಂತೆ. ಬಂದದ್ದು ನನಗೆ ಗೊತ್ತಾಗಲಿಲ್ಲ. ನಾನು ಹೊಲಕ್ಕೆ ಹೋಗಿದ್ದ ದಿನ ಕಂದಾಯದವರೊಬ್ಬರು ಮೋಟರ್ ಸೈಕಲ್ ಮೇಲೆ ಮನೆಗೆ ಬಂದು ಅವ್ವನನ್ನು ಕೇಳಿದರು, ನಿಮ್ಮ ಮಗನ ಮೊಣಕಾಲಿನ ಬರೆ ಯಾವಾಗಿನದು ಎಂದು.

ನಾನು ತಿರುಗಿ ಬಂದಾಗ ಅವ್ವನ ಮುಖ ಅರಳಿತ್ತು. ಸರಕಾರದವರಿಗೆ ಮಜ್ಜಿಗೆ ಕೊಟ್ಟಳಂತೆ, ಹುರಿದ ಶೇಂಗಾ ಕೊಟ್ಟಳಂತೆ, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳಿ ಹೆಬ್ಬೆಟ್ಟೂ ಒತ್ತಿದಳಂತೆ. ಏನು ಹೇಳಿದೆ ಎಂದು ಕೇಳಿದೆ.

"ಏನ್ ಹೇಳ್ತಾರ? ಸಣ್ಣಾಂವ ಇದ್ದಾಗಿಂದು ಐತ್ರಿ ಅಂದೆ," ಎಂದಳು. "ನಿನ್ನ ಕಾಲು ಮತ್ತ ನೋಯಬಾರದಲ್ಲ."

ನಾನು ತಲೆ ಹಿಡಿದುಕೊಂಡು ಕೂತೆ. ಅವಳಿಗೆ ಅಪೀಲಿನಲ್ಲಿ ಏನಿದೆ ಎಂದು ನಾನು ಹೇಳಿರಲಿಲ್ಲ. ಹೇಳಿದ್ದರೆ ಬರೆಯ ವಿಷಯ ಬಾಯಿ ಬಿಟ್ಟೆ ಎಂದು ರಂಪ ಮಾಡುತ್ತಾಳೆಂದು ಮುಚ್ಚಿಟ್ಟಿದ್ದೆ. ಹಿಮಾಲಯದ ಕೆಳಗೆ ಮಗ ಹೇಳಿದ ಸುಳ್ಳೂ ಕೂಡ್ಲಿಗಿ ಸೀಮೆಯಲ್ಲಿ ತಾಯಿ ಹೇಳಿದ ಸುಳ್ಳೂ ಅಕ್ಷರಕ್ಕೆ ಅಕ್ಷರ ಕೂಡಿದವು. ನಾವಿಬ್ಬರೂ ನಿಜ ಹೇಳಿದ್ದರೆ ಇಷ್ಟು ಹೊಂದಾಣಿಕೆ ಬರುತ್ತಿರಲಿಲ್ಲ. ಇಂಥ ಗಟ್ಟಿ ಸಾಕ್ಷಿ ಸಿಕ್ಕ ಮೇಲೆ ಯಾವ ಕಚೇರಿ ಬಿಡುತ್ತದೆ? ಮುಂದಿನ ವರ್ಷ ಅಪೀಲು ವಜಾ ಆಗಿ ಬಂತು. ಸ್ವತಃ ಅರ್ಜಿದಾರನ ತಾಯಿಯ ಹೇಳಿಕೆಯಂತೆ, ಎಂದು ಮೊದಲ ಸಾಲಿನಲ್ಲೇ ಇತ್ತು.

ಆ ಕಾಗದ ಓದಿದ ಹವಾಲ್ದಾರ ಖೋಲಿಗೆ ಬೀಗ ಹಾಕಿ ನನ್ನ ಜೊತೆಯಲ್ಲೇ ಬಸ್ಸು ಹತ್ತಿದ. ಅವ್ವನಿಗೆ ತಿಳಿಸಿ ಹೇಳುತ್ತೇನೆ ಎಂದು ಬಂದವನು ಪಡಸಾಲೆಯಲ್ಲಿ ಕೂತು, ಕಿವುಡರು ಮಾತಾಡುವ ಹಾಗೆ ಓಣಿಗೆಲ್ಲ ಕೇಳುವಂತೆ ಹೇಳಿದ. ಅವಳ ಒಂದು ಮಾತಿನಿಂದ ಅಪೀಲು ಹೋಯಿತು ಎಂಬುದು ಅವ್ವನಿಗಿಂತ ಮೊದಲು ಎದುರು ಮನೆಯವರಿಗೆ ಗೊತ್ತಾಯಿತು. ಅವ್ವ ಅವನಿಗೆ ರೊಟ್ಟಿ ಬಡಿದು ಹಾಕಿದಳು. ಅವನು ಹೋದ ಮೇಲೆ ಒಲೆಯ ಮುಂದೆಯೇ ಕೂತುಬಿಟ್ಟಳು.

"ನಿನ್ನ ಕಾಲಿಗೆ ನಾನ ಕೊಡ್ಲಿ ಹಾಕಿದೆನಲ್ಲೋ ಯಪ್ಪಾ," ಅಂದಳು.

ಆಗ ನಾನು ಸುಮ್ಮನಿರಬಹುದಿತ್ತು. ಹೋಗಲಿ ಬಿಡವ್ವ ಅನ್ನಬಹುದಿತ್ತು. ಆದರೆ ನನ್ನ ಬಾಯಿ ಮೊದಲಿನಿಂದಲೂ ಕೆಟ್ಟದ್ದು. ನಿನ್ನ ಬರೆಯಿಂದ ಕಾಲೂ ನೆಟ್ಟಗಾಗಲಿಲ್ಲ, ಕಾಗದವೂ ನೆಟ್ಟಗಾಗಲಿಲ್ಲ ಎಂದೆ. ಅವಳು ಎರಡು ದಿನ ಊಟ ಮಾಡಲಿಲ್ಲ. ಆ ಮಾತು ಆಡಿದ್ದಕ್ಕೆ ನನ್ನನ್ನು ನಾನು ಎಷ್ಟು ಸಲ ಬೈದುಕೊಂಡಿದ್ದೇನೋ ಲೆಕ್ಕವಿಲ್ಲ. ಅವತ್ತಿನಿಂದ ಅವಳಿಗೆ ಒಂದು ಚಾಳಿ ಹತ್ತಿತು. ನಾನು ಎದ್ದು ಎಲ್ಲಿಗೆ ಹೊರಟರೂ ಕಟ್ಟೆಯ ಮೇಲೆ ಕೂತು ನನ್ನ ಕಾಲನ್ನೇ ನೋಡುತ್ತಿದ್ದಳು. ತಿರುವಿನಲ್ಲಿ ನಾನು ಮರೆಯಾಗುವ ತನಕ ನೋಡುತ್ತಿದ್ದಳು.

ಎರಡನೆಯ ಅಪೀಲು ಇನ್ನೂ ಮೇಲಿನ ಕಚೇರಿಗೆ. ಇದಕ್ಕೆ ಹವಾಲ್ದಾರ ಎರಡು ಕಾಗದ ಬೇಕೆಂದ. ಒಂದು, ನನ್ನ ಜೊತೆ ಉರುಳೆ ಹೊತ್ತವನದು. ಅವನು ದೂರದ ರಾಜ್ಯದವನು. ಹಳೆಯ ವಿಳಾಸಕ್ಕೆ ಬರೆದೆವು, ಪುಣ್ಯಾತ್ಮ ಮೂರು ತಿಂಗಳಲ್ಲಿ ಸಹಿ ಹಾಕಿ ಕಳಿಸಿದ. ಇನ್ನೊಂದು, ಅವ್ವನದು. ಮೊದಲು ಹೇಳಿದ್ದು ಸುಳ್ಳು, ಬರೆ ಹಾಕಿಸಿದ್ದು ರಜೆಯಲ್ಲಿ ಬಂದಾಗ, ಅದಕ್ಕೆ ಮೊದಲು ಮಗನ ಕಾಲು ಸರಿಯಿತ್ತು ಎಂದು ಕೂಡ್ಲಿಗಿಯ ನೋಟರಿಯ ಮುಂದೆ ಪ್ರಮಾಣ ಮಾಡಿ ಹೆಬ್ಬೆಟ್ಟು ಒತ್ತಬೇಕು.

ಅವ್ವ ಪೇಚಿಗೆ ಬಿದ್ದಳು. ಹೇಳದಿದ್ದರೆ ಮಗನ ಕಾಗದ ಹೋಗುತ್ತದೆ, ಹೇಳಿದರೆ ಮಗನ ಕಾಲು ಹೋಗುತ್ತದೆ. ಕಾಲು ಆಗಲೇ ಹೋಗಿದೆಯಲ್ಲ ಎಂದು ನಾನು ಮತ್ತೊಮ್ಮೆ ಬಾಯಿ ಹಾಕಲು ಹೊರಟು ನುಂಗಿಕೊಂಡೆ. ವಾರ ಒದ್ದಾಡಿ, ಕೊನೆಗೆ ಆ ಅಜ್ಜನನ್ನೇ ಕೇಳಿಬರುತ್ತೇನೆ ಎಂದು ಹೊರಟಳು. ಹಗರಿಬೊಮ್ಮನಹಳ್ಳಿಯ ಬಸ್ಸು ಹಿಡಿದು, ಅಲ್ಲಿಂದ ಟೆಂಪೊದಲ್ಲಿ ಕೋಗಳಿಯ ಕಡೆ ಹೋದೆವು. ಅಜ್ಜ ಹಟ್ಟಿಯ ಮುಂದೆ ಕೂತು ಕುರಿಮರಿಯ ಕಿವಿಯಿಂದ ಉಣ್ಣೆ ಹುಳ ಕೀಳುತ್ತಿದ್ದ. ಅವ್ವ ಎಲೆ ಅಡಿಕೆ ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಅವನು ಆ ಹುಳವನ್ನು ಉಗುರಿನಲ್ಲಿ ಹಿಸುಕಿ ಒಗೆದ.

"ಮಂದಿ ಮುಂದ ಹೇಳಬಾರದು, ಖರೆ," ಅಂದ. "ಸರಕಾರದ ಮುಂದ ಹೇಳಿದ್ರ ಏನೂ ಆಗಂಗಿಲ್ಲ ತಂಗಿ. ಅದಕ್ಕ ಕಿವಿ ಇಲ್ಲ."

ಹದಿನೇಳು ವರ್ಷ ಸೇವೆ ಮಾಡಿ, ನಾಲ್ಕು ವರ್ಷ ಅಪೀಲು ನಡೆಸಿ ನಾನು ಕಂಡುಕೊಳ್ಳಲಾಗದ್ದನ್ನು ಆ ಮುದುಕ ಉಣ್ಣೆ ಕೀಳುತ್ತ ಹೇಳಿಬಿಟ್ಟ. ಅವ್ವನಿಗೆ ಸಮಾಧಾನವಾಯಿತು. ಆದರೂ ನೋಟರಿಯ ಹತ್ತಿರ ಒಂದು ಫಜೀತಿ ಕಾದಿತ್ತು. ಓದಲು ಬಾರದವರು ಹೆಬ್ಬೆಟ್ಟು ಒತ್ತುವ ಮೊದಲು ಬರೆದದ್ದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಅದು ಕಾಯಿದೆ. ನೋಟರಿ ಕನ್ನಡಕ ಏರಿಸಿ ಶುರುಮಾಡಿದ ಕೂಡಲೇ ಅವ್ವ ಸೆರಗಿನಿಂದ ಎರಡೂ ಕಿವಿ ಒತ್ತಿಕೊಂಡು ಹೊರಗೆ ಹೋಗಿ ನಿಂತಳು. ನೋಟರಿ ಮಂದಿಯೇ ಹೊರತು ಸರಕಾರ ಅಲ್ಲ ಎಂಬುದು ಅವಳ ಅನುಮಾನ. ಆ ಮನುಷ್ಯ ಖಾಲಿ ಕುರ್ಚಿಗೆ ಪೂರಾ ಎರಡು ಪುಟ ಓದಿ ಹೇಳಿದ. ಓದಿ ಹೇಳಲಾಗಿದೆ, ಒಪ್ಪಿದ್ದಾರೆ ಎಂದು ಮುದ್ರೆ ಹೊಡೆದ. ಅವ್ವ ಒಳಗೆ ಬಂದು ಹೆಬ್ಬೆಟ್ಟು ಒತ್ತಿದಳು.

ಈ ಸಲ ಮೇಲಿನವರು ಕರಗಿದರು. ಮತ್ತೊಮ್ಮೆ ಡಾಕ್ಟರುಗಳ ಮಂಡಳಿಯ ಮುಂದೆ ಹಾಜರಾಗು ಎಂದು ಕಾಗದ ಬಂತು. ಹವಾಲ್ದಾರನಿಗೆ ಹಬ್ಬ. ಕೊಟ್ಟೂರಿನ ಖೋಲಿಯಲ್ಲಿ ಅವನು ನನಗೆ ತಾಲೀಮು ಕೊಟ್ಟ. ಹಡಗಲಿಯ ಸೊಂಟ ಡಾಕ್ಟರು ಆದ, ಹರಪನಹಳ್ಳಿಯ ಕಣ್ಣು ಮಂಡಳಿಯ ಅಧ್ಯಕ್ಷ. ನಾನು ಬಾಗಿಲಿನಿಂದ ಮೇಜಿನ ತನಕ ನಡೆದು ಬರಬೇಕು. ಅವರು ಕಾಲು ಮುಟ್ಟುವ ಮೊದಲೇ ಅಯ್ಯೋ ಅನ್ನಬೇಡ, ಮುಟ್ಟಿದ ಮೇಲೆ ಅನ್ನು ಎಂದು ಹವಾಲ್ದಾರ ತಿದ್ದಿದ. ಕುಕ್ಕರಗಾಲಲ್ಲಿ ಕೂರು ಎಂದರೆ ಅರ್ಧಕ್ಕೆ ನಿಲ್ಲಬೇಕು, ಗೋಡೆ ಹಿಡಿಯಬೇಕು. ಇದರಲ್ಲಿ ನಟನೆ ಏನೂ ಇರಲಿಲ್ಲ. ನನ್ನ ಮೊಣಕಾಲು ದಿನಾ ಮಾಡುತ್ತಿದ್ದದ್ದೇ ಅದು. ಆದರೆ ಇದ್ದ ನೋವನ್ನು ಇದ್ದ ಹಾಗೆ ತೋರಿಸುವುದಕ್ಕೂ ತಾಲೀಮು ಬೇಕಾಗುತ್ತದೆ ಎಂದು ನನಗೆ ಆಗ ತಿಳಿಯಿತು.

ಮಿಲಿಟರಿ ಆಸ್ಪತ್ರೆಗೆ ಇಡೀ ದಿನದ ರೈಲು ಪ್ರಯಾಣ. ಮಂಡಳಿಯಲ್ಲಿ ಮೂವರಿದ್ದರು. ಮೇಜಿನ ಹಿಂದೆ ಹೆಗಲ ಮೇಲೆ ನಕ್ಷತ್ರಗಳ ಸಾಹೇಬರು ಕೂತಿದ್ದರು. ಅವರನ್ನು ನೋಡಿದ್ದೇ ನನ್ನ ಎದೆ ತಾನಾಗಿ ಮುಂದೆ ಬಂತು, ಹಿಮ್ಮಡಿ ಕೂಡಿತು, ಕೈ ಹಣೆಗೆ ಹೋಯಿತು. ಬಾಗಿಲಿನಿಂದ ಮೇಜಿನ ತನಕ ಹೇಗೆ ನಡೆದೆನೋ ಗೊತ್ತಿಲ್ಲ, ಕುಂಟಲಿಲ್ಲ ಎಂಬುದು ಮಾತ್ರ ಗೊತ್ತು. ಕಿರಿಯ ಡಾಕ್ಟರು ಕಾಲು ಮಡಚಿಸಿ, ಬಿಡಿಸಿ, ಕೋನ ಅಳೆದರು. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಕುಕ್ಕರಗಾಲಲ್ಲಿ ಕೂತು ಏಳಲು ಆಗುತ್ತದೆಯೇ ಜವಾನ್ ಎಂದು ಸಾಹೇಬರು ಹಿಂದಿಯಲ್ಲಿ ಕೇಳಿದರು.

"ಜೀ ಸಾಬ್," ಎಂದೆ.

ಎಂದದ್ದಷ್ಟೇ ಅಲ್ಲ, ಪೂರ್ತಿ ಕೂತೆ, ಏನನ್ನೂ ಹಿಡಿಯದೆ ಎದ್ದು ಸಾವಧಾನ್ ನಿಂತೆ. ಬೆನ್ನ ಮೇಲೆ ಬೆವರು ಹರಿಯುತ್ತಿತ್ತು. ಸಾಹೇಬರು ಶಹಬ್ಬಾಸ್ ಅಂದರು. ಆಗುವುದಿಲ್ಲ ಎಂಬ ಪದವನ್ನು ಹದಿನೇಳು ವರ್ಷ ನನ್ನ ಬಾಯಿಂದ ಹೊಡೆದು ಹೊಡೆದು ತೆಗೆದಿದ್ದರು. ಅದನ್ನು ಆಡಲೇಬೇಕಾಗಿದ್ದ ಒಂದೇ ಒಂದು ದಿನ ಅದು ಬರಲಿಲ್ಲ. ಹೊರಗೆ ಬಂದು ಬೇವಿನ ಮರದ ಕೆಳಗೆ ಒಂದು ತಾಸು ಕೂತೆ. ಎದ್ದು ನಡೆಯಲು ಆಗಲಿಲ್ಲ. ಅಲ್ಲಿ ನನ್ನನ್ನು ನೋಡಲು ಯಾವ ಮಂಡಳಿಯೂ ಇರಲಿಲ್ಲ.

ಆರು ತಿಂಗಳ ನಂತರ ಉತ್ತರ ಬಂತು. ಹವಾಲ್ದಾರ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ. ಅರ್ಜಿದಾರನ ಗಾಯ ಕರ್ತವ್ಯದ ಮೇಲಿದ್ದಾಗಲೇ ಆದದ್ದು, ಸೇವೆಯಿಂದಲೇ ಉಂಟಾದದ್ದು. ನಾನು ಕೂಗಿಬಿಡಬೇಕು ಅನ್ನುವಷ್ಟರಲ್ಲಿ ಅವನು ಕೆಳಗಿನ ಸಾಲಿಗೆ ಬೆರಳಿಟ್ಟ. ಮೊಣಕಾಲು ಈಗ ಗಣನೀಯವಾಗಿ ಸುಧಾರಿಸಿದೆ, ಮೂವತ್ತು ಇದ್ದದ್ದು ಹದಿನೈದಕ್ಕೆ ಇಳಿದಿದೆ. ಇಪ್ಪತ್ತಕ್ಕೆ ಕಡಿಮೆ ಇರುವುದರಿಂದ ನ್ಯೂನತೆಯ ಪಿಂಚಣಿಗೆ ಅರ್ಹನಲ್ಲ. ನನ್ನ ಕಾಲು ಮೂವತ್ತು ಇದ್ದಾಗ ಅವರದಾಗಿರಲಿಲ್ಲ, ಅವರದಾದಾಗ ಮೂವತ್ತು ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ದೇವರೂ ಅವರೇ, ಪೂಜಾರಿಯೂ ಅವರೇ.

ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಕಾಗದದಲ್ಲಿ ಏನಿದೆ ಎಂದು ಕೇಳಿದಳು. ಸಿಟ್ಟಿನಲ್ಲಿ ಇದ್ದದ್ದು ಇದ್ದ ಹಾಗೆ ಶುರುಮಾಡಿದೆ. ಮೊದಲು ಮೂವತ್ತು ಇತ್ತಂತೆ, ಈಗ ಹದಿನೈದಂತೆ, ಸುಧಾರಿಸಿದೆಯಂತೆ ಎಂದೆ. ಮುಂದಿನದು ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ನಿಲ್ಲಿಸಿದೆ. ಅವಳ ಕಣ್ಣು ತುಂಬಿದ್ದವು.

"ಅರ್ಧ ಇಳದೈತಿ ಅಂತ ಡಾಕ್ಟರ ಬರದಾರೇನು?" ಎಂದು ಕೇಳಿದಳು. "ಹಂಗಾರ ನಾ ಬರಿ ಹಾಕ್ಸಿದ್ದು ಸುಳ್ಳಾಗಲಿಲ್ಲ ಹೌದಿಲ್ಲೋ?"

ಹೌದವ್ವ ಎಂದೆ. ಗೆದ್ದಿವೇನು ಎಂದಳು. ಗೆದ್ದಿವಿ ಎಂದೆ. ಅವಳು ಎದ್ದು ಒಳಗೆ ಹೋಗಿ ಬೆಲ್ಲದ ಡಬ್ಬಿ ತಂದಳು, ನನ್ನ ಬಾಯಿಗೆ ಒಂದು ತುಣುಕು ಹಾಕಿದಳು, ಎದುರು ಮನೆಗೆ ಕೊಡಲು ಹೋದಳು. ಹವಾಲ್ದಾರ ಕೂಗಿ ಹೇಳಿದ ದಿನದಿಂದ ಅವಳು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಮರುವಾರ ಒಬ್ಬಳೇ ಬಸ್ಸು ಹತ್ತಿ ಕೋಗಳಿಯ ಅಜ್ಜನಿಗೂ ತೆಂಗಿನಕಾಯಿ ಕೊಟ್ಟುಬಂದಳು.

ಇನ್ನೊಂದು ಅಪೀಲಿಗೆ ಅವಕಾಶವಿತ್ತು. ಮತ್ತೆ ಅದೇ ಆರು ತಿಂಗಳ ಗಡುವು. ಹವಾಲ್ದಾರ ನನ್ನನ್ನು ಕೇಳದೆಯೇ ಕಾಗದ ಹೊಡೆದಿಟ್ಟಿದ್ದ. ಕಾಲು ಸುಧಾರಿಸಿಲ್ಲ, ನಾಟಿ ಚಿಕಿತ್ಸೆಯಿಂದ ಎಳ್ಳಷ್ಟೂ ಉಪಯೋಗವಾಗಿಲ್ಲ, ಇದನ್ನು ಅರ್ಜಿದಾರನ ತಾಯಿಯೂ ದೃಢಪಡಿಸುತ್ತಾಳೆ. ಕೆಳಗೆ ಅವ್ವನ ಹೆಬ್ಬೆಟ್ಟಿಗೆ ಒಂದು ಚೌಕ ಬಿಟ್ಟಿದ್ದ. ಆ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದೆ. ಅವ್ವ ಕಟ್ಟೆಯ ಮೇಲಿದ್ದಳು. ನಾನು ತಿರುವಿನಿಂದಲೇ ನೆಟ್ಟಗೆ ನಡೆದುಬಂದೆ. ಬಂದು ಅದನ್ನು ಹಸಿರು ಟ್ರಂಕಿನ ತಳಕ್ಕೆ ಹಾಕಿ ಬೀಗ ಒತ್ತಿದೆ.

ಅವತ್ತಿನಿಂದ ಮನೆಯ ಮುಂದೆ ನಾನು ಕುಂಟಲಿಲ್ಲ. ನೋವು ಮೂವತ್ತು ಪರ್ಸೆಂಟಿನದೇ. ನಡಿಗೆ ಮಾತ್ರ ಸರಕಾರ ಒಪ್ಪಿದ ಹದಿನೈದಕ್ಕೂ ಕಡಿಮೆ. ತಿರುವು ದಾಟಿದ ಮೇಲೆ ಹುಣಸೆಮರದ ಬೊಡ್ಡೆ ಹಿಡಿದು ನಿಂತು ಸುಧಾರಿಸಿಕೊಳ್ಳುತ್ತಿದ್ದೆ. ಕೊಟ್ಟೂರಿಗೆ ಹೋದ ದಿನ ಮನಸ್ಸು ತೃಪ್ತಿಯಾಗುವಷ್ಟು ಕುಂಟಿಕೊಂಡು ಓಡಾಡುತ್ತಿದ್ದೆ. ನನ್ನ ಹೆಂಡತಿಗೆ ಎಲ್ಲ ಗೊತ್ತಿತ್ತು. ಅವಳು ಎಣ್ಣೆ ಕಾಯಿಸಿ ಕೊಡುತ್ತಿದ್ದಳು. ಅವ್ವ ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ನನ್ನ ಕಾಲು ತೋರಿಸುತ್ತಿದ್ದಳು. ಬರೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ, ನೋಡ್ರಿ ಹೆಂಗ ನಡೀತಾನ ಅನ್ನುತ್ತಿದ್ದಳು. ಹೀಗೆ ನಾಲ್ಕು ವರ್ಷ ನಡೆದೆ.

ಅವ್ವ ತೀರಿಕೊಂಡ ದಿನ ನಾನೇ ಮುಂದೆ ಹೆಗಲು ಕೊಟ್ಟೆ. ಹೊಲದ ತನಕ ನೆಟ್ಟಗೆ ಹೋದೆ. ಮಣ್ಣು ಮಾಡಿ ತಿರುಗಿ ಬರುವಾಗ ಮೊಣಕಾಲು ಹೇಳಿದ ಮಾತು ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರವರು ದುಃಖಕ್ಕೆ ಕಾಲು ಸೋತಿವೆ ಅಂದುಕೊಂಡು ತೋಳು ಹಿಡಿದರು.

ಮಣ್ಣಿಗೆ ಹವಾಲ್ದಾರನೂ ಬಂದಿದ್ದ. ಅವನ ಅಪೀಲು ಅಲ್ಲಿಯ ತನಕವೂ ನಡೆದೇ ಇತ್ತು. ದಾರಿಯುದ್ದಕ್ಕೂ ನನ್ನ ಕಾಲನ್ನು ನೋಡುತ್ತ ಬಂದವನು, ಕಟ್ಟೆಯ ಮೇಲೆ ನಾನು ಅವ್ವ ಕೂರುತ್ತಿದ್ದ ಜಾಗದಲ್ಲಿ ಕೂತಾಗ ಪಕ್ಕದಲ್ಲಿ ಬಂದು ಕೂತ. ಗಡುವು ಮೀರಿದ್ದಕ್ಕೆ ಮನ್ನಾ ಕೇಳಿ ಒಂದು ಅರ್ಜಿ ಹಾಕಬಹುದು ಎಂದ. ಈ ಹೊತ್ತಿನಲ್ಲೂ ಅರ್ಜಿಯೇ ಎಂದು ನನಗೆ ಸಿಟ್ಟೂ ಬಂತು, ನಗುವೂ ಬಂತು. ಅವನು ಬಿಡಲಿಲ್ಲ.

"ನಾಲ್ಕು ವರ್ಷ ತಡ ಯಾಕಾತು ಅಂತ ಕಾರಣ ಕೇಳ್ತಾರ ತಮ್ಮಾ. ಏನಂತ ಹೊಡೀಲಿ?"

"ನಮ್ಮವ್ವ ನೋಡಾಕತ್ತಿದ್ಲು ಅಂತ ಹೊಡಿ ಅಣ್ಣಾ," ಎಂದೆ.

ನಾನು ಅವನ ಎಡಕ್ಕೆ ಕೂತಿದ್ದೆ. ಅವನಿಗೆ ಕೇಳಿಸಲಿಲ್ಲ. ಕುತ್ತಿಗೆ ತಿರುಗಿಸಿ ಬಲಗಿವಿ ಕೊಟ್ಟು ಇನ್ನೊಮ್ಮೆ ಹೇಳು ಎಂದ. ಹೇಳಿದೆ.